ಗ್ರಂಥಪೂಜೆ ಮತ್ತು ಗ್ರಂಥವಾಚನ: ಗ್ರಂಥಾಲಯಗಳಲ್ಲಿ ಧರ್ಮಗ್ರಂಥಗಳ ಸ್ಥಾನವನ್ನು ಕುರಿತು ಒಂದು ವಿವೇಚನೆ

ಗ್ರಂಥಾಲಯದಲ್ಲಿ ಧರ್ಮಗ್ರಂಥಗಳನ್ನು ಯಾವ ಹಲಗೆಯ ಮೇಲೆ ಇಡಬೇಕೆಂಬುದು ಮೇಲ್ನೋಟಕ್ಕೆ ಗ್ರಂಥಪಾಲಕರ ದಿನಚರಿಗೆ ಸೇರಿದ ಸಣ್ಣ ಪ್ರಶ್ನೆಯಾಗಿ ಕಾಣುತ್ತದೆ. ಆದರೆ ಪುಸ್ತಕವೆಂದರೇನು, ಅದಕ್ಕೆ ಸಲ್ಲಬೇಕಾದ ಗೌರವ ಎಂತಹುದು, ಅದನ್ನು ಮುಟ್ಟಿ ತೆರೆಯಲು ಯಾರಿಗೆ ಅಧಿಕಾರವುಂಟು ಎಂಬ ಮೂರು ಹಳೆಯ ಪ್ರಶ್ನೆಗಳು ಇದರೊಳಗೆ ಅಡಗಿವೆ. ಇತಿಹಾಸದ ವಿದ್ಯಾರ್ಥಿಗೆ ಇವು ಹೊಸತಲ್ಲ. ನಮ್ಮ ನಾಡಿನ ಹಸ್ತಪ್ರತಿಗಳು ಉಳಿದುದೂ ಅಳಿದುದೂ ಬಹುಮಟ್ಟಿಗೆ ಈ ಪ್ರಶ್ನೆಗಳಿಗೆ ನಮ್ಮ ಹಿರಿಯರು ಕೊಟ್ಟ ಉತ್ತರಗಳ ಫಲವೇ ಆಗಿದೆ. ಆ ಉತ್ತರಗಳನ್ನು ಪರಿಶೀಲಿಸಿ, ಇಂದಿನ ಕಾಲೇಜು ಹಾಗೂ ಗ್ರಾಮ ಗ್ರಂಥಾಲಯಗಳಿಗೆ ಅವುಗಳಿಂದ ದೊರೆಯಬಹುದಾದ ಮಾರ್ಗವನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಚರ್ಚೆಗೆ ಕೊಪ್ಪ ತಾಲ್ಲೂಕಿನ ಜಯಪುರವನ್ನು ನಡುವಿಟ್ಟುಕೊಂಡು ಹೊರಡುವುದು ಉಚಿತವಾಗಿದೆ. ಈ ಸಣ್ಣ ಊರಿನ ಸುತ್ತಣ ಪ್ರದೇಶವನ್ನು ನೋಡಿದರೆ, ಗ್ರಂಥವನ್ನು ಗೌರವಿಸುವ ಬಗೆಬಗೆಯ ಸಂಪ್ರದಾಯಗಳು ಇಷ್ಟು ಹತ್ತಿರದಲ್ಲಿ ಸೇರಿರುವ ಸ್ಥಳಗಳು ವಿರಳವೆನಿಸುತ್ತದೆ. ಶೃಂಗೇರಿಯಲ್ಲಿ ಶಾರದಾಪೀಠವಿದೆ, ತುಂಗೆಯ ದಡದಲ್ಲಿಯೇ ಹರಿಹರಪುರದ ಮಠವಿದೆ, ಭದ್ರೆಯ ದಡದ ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠವಿದೆ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯೂ ಜೈನಮಠವೂ ಇವೆ. ಅದೇ ತಾಲ್ಲೂಕಿನಲ್ಲಿ ಕೇರಳದಿಂದ ಬಂದು ನೆಲಸಿದ ಕ್ರೈಸ್ತ ಕುಟುಂಬಗಳಿವೆ, ಪೇಟೆಗಳಲ್ಲಿ ಮಸೀದಿಗಳಿವೆ. ಇವರೆಲ್ಲರ ಮಕ್ಕಳೂ ಒಂದೇ ಕಾಲೇಜಿಗೆ, ಒಂದೇ ವಾಚನಾಲಯಕ್ಕೆ ಬರುತ್ತಾರೆ. ಇಂತಹ ವಾಚನಾಲಯದ ಕಪಾಟಿನಲ್ಲಿ ಭಗವದ್ಗೀತೆ, ವಚನಸಂಪುಟ, ಕುರ್‌ಆನ್, ಬೈಬಲ್ ಮತ್ತು ಜೈನಾಗಮಗಳು ಹೇಗೆ ಕೂಡಿ ನಿಲ್ಲಬೇಕು?

ಈ ಪ್ರಶ್ನೆಗೆ ಹೊರನಾಡಿನಲ್ಲಿ ದೊರೆತ ಒಂದು ಉತ್ತರವನ್ನು ಮೊದಲು ವಿಮರ್ಶಿಸಬಹುದು. ಇಂಗ್ಲೆಂಡಿನ ಲೆಸ್ಟರ್ ನಗರದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕುರ್‌ಆನನ್ನು ಕೆಳಗಿನ ಹಲಗೆಗಳ ಮೇಲೆ ಇಟ್ಟುದರ ಬಗ್ಗೆ ಮುಸ್ಲಿಮ್ ಓದುಗರಿಂದ ಆಕ್ಷೇಪಣೆ ಬಂದಿತು. ಅಲ್ಲಿಯ ಗ್ರಂಥಪಾಲಕರು ಒಂದು ಮತದ ಗ್ರಂಥಕ್ಕೆ ಮಾತ್ರ ವಿಶೇಷ ಸ್ಥಾನ ಕೊಡುವುದು ಸಲ್ಲದೆಂದು ಎಣಿಸಿ, ಎಲ್ಲ ಮತಗಳ ಧರ್ಮಗ್ರಂಥಗಳನ್ನೂ ಅತ್ಯಂತ ಮೇಲಿನ ಹಲಗೆಗೆ ಏರಿಸಿದರು. ಈ ಪದ್ಧತಿಯು ಗ್ರಂಥಾಲಯಗಳಿಗೆ ಕೊಟ್ಟ ಮಾರ್ಗದರ್ಶನದಲ್ಲಿಯೂ ಸೇರಿ, 2009ರಲ್ಲಿ ಪತ್ರಿಕೆಗಳ ಚರ್ಚೆಗೆ ಗುರಿಯಾಯಿತು. ಗ್ರಂಥಾಲಯವು ದೇವಾಲಯವಲ್ಲ, ಬೈಬಲನ್ನು ಕೈಗೆಟುಕದಂತೆ ಮಾಡುವುದು ಅದನ್ನು ಜನಸಾಮಾನ್ಯರ ಕೈಗೆ ಕೊಟ್ಟ ಮತಸುಧಾರಣೆಯ ಆಶಯಕ್ಕೇ ವಿರುದ್ಧ ಎಂದು ಕೆಲವರು ವಾದಿಸಿದರು.

ಈ ಏರ್ಪಾಡಿನಲ್ಲಿ ಮೆಚ್ಚತಕ್ಕ ಅಂಶವಿಲ್ಲದೆ ಇಲ್ಲ. ತನ್ನ ಧರ್ಮಗ್ರಂಥವು ಜನರ ಕಾಲಿನ ಮಟ್ಟದಲ್ಲಿ ಬಿದ್ದಿರುವುದನ್ನು ಕಂಡ ಓದುಗನು ಮರುದಿನ ಆ ಗ್ರಂಥಾಲಯಕ್ಕೆ ಬಾರದೆ ಹೋಗಬಹುದು. ಸಾರ್ವಜನಿಕ ಸಂಸ್ಥೆಯೊಂದು ಅವನ ಭಾವನೆಯನ್ನು ಗಮನಿಸಿದುದು ಸರಿಯೇ. ಒಬ್ಬರಿಗೆ ಸಲ್ಲಿಸಿದುದನ್ನು ಎಲ್ಲರಿಗೂ ಸಲ್ಲಿಸಿದುದು ಇನ್ನೂ ಸರಿ. ಆದರೆ ಈ ನಿಯಮದ ಅಡಿಪಾಯದಲ್ಲಿ ಎರಡು ಊಹೆಗಳಿವೆ. ಎಲ್ಲ ಮತಗಳೂ ಗೌರವವನ್ನು ಎತ್ತರದಿಂದಲೇ ಅಳೆಯುತ್ತವೆ ಎಂಬುದು ಒಂದು. ಯಾವುದು ಧರ್ಮಗ್ರಂಥ, ಯಾವುದು ಅಲ್ಲ ಎಂಬುದು ನಿರ್ವಿವಾದ ಎಂಬುದು ಮತ್ತೊಂದು. ನಮ್ಮ ನಾಡಿನ ಅನುಭವದ ಮುಂದೆ ಇವೆರಡೂ ನಿಲ್ಲಲಾರವು.

ಮೊದಲನೆಯ ಊಹೆಯನ್ನು ತೆಗೆದುಕೊಳ್ಳೋಣ. ವೇದದ ಗೌರವವು ಮೂಲತಃ ಓಲೆಯಲ್ಲಿಯಾಗಲಿ ಕಾಗದದಲ್ಲಿಯಾಗಲಿ ಇದ್ದುದಲ್ಲ, ಕಂಠದಲ್ಲಿ ಇದ್ದುದು. ಬರೆದುದನ್ನು ನೋಡಿಕೊಂಡು ಓದುವವನನ್ನು ಪಾಣಿನೀಯ ಶಿಕ್ಷೆಯು ಅಧಮ ಪಾಠಕರ ಗುಂಪಿನಲ್ಲಿ ಎಣಿಸಿದೆ. ಆ ಸಂಪ್ರದಾಯದಲ್ಲಿ ಅಧಿಕಾರದ ಪ್ರಶ್ನೆಯು ಗುರುಮುಖದಲ್ಲಿಯೇ ಇತ್ಯರ್ಥವಾಗುತ್ತಿತ್ತು. ಪುಸ್ತಕವನ್ನು ಇಡುವ ಸ್ಥಳದಿಂದಲ್ಲ. ಇಸ್ಲಾಮಿನಲ್ಲಿ ಅರಬ್ಬೀ ಮೂಲದ ಪ್ರತಿಯನ್ನು ಶುದ್ಧಿಯಿಂದ ಮುಟ್ಟಬೇಕೆಂಬ ಕಟ್ಟಳೆಯಿದೆ. ಅನ್ಯಭಾಷೆಯ ಅನುವಾದವನ್ನು ಅರ್ಥವಿವರಣೆಯೆಂದು ಬೇರೆಯಾಗಿ ಎಣಿಸುವ ವಾಡಿಕೆಯಿದೆ. ಪ್ರಾಟೆಸ್ಟಂಟ್ ಕ್ರೈಸ್ತರಿಗೆ ಬೈಬಲಿನ ಗೌರವವಿರುವುದು ಅದನ್ನು ದಿನವೂ ತೆರೆದು ಓದುವುದರಲ್ಲಿ. ಸಿಖ್ಖರಲ್ಲಂತೂ ಗುರು ಗ್ರಂಥ ಸಾಹಿಬ್ ಎಂಬುದು ಪುಸ್ತಕವಲ್ಲ, ಸಾಕ್ಷಾತ್ ಗುರು. ಬೀದರಿನ ಗುರುನಾನಕ್ ಝೀರಾದ ಗುರುದ್ವಾರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಂಜಾಬಿನಲ್ಲಿ ಅದರ ಮುದ್ರಣ ವಿತರಣೆಗಳನ್ನು 2008ರ ಶಾಸನವೊಂದು ನಿಯಂತ್ರಿಸುತ್ತದೆ. ಅದರ ಪೂರ್ಣ ಪ್ರತಿಯನ್ನು ಯಾವ ಹಲಗೆಯ ಮೇಲಿಟ್ಟರೂ, ಅದು ಅತ್ಯಂತ ಮೇಲಿನದೇ ಆಗಿರಲಿ, ಆ ಸಂಪ್ರದಾಯಕ್ಕೆ ಸಮ್ಮತವಾಗಲಾರದು. ಸಾಮಾನ್ಯ ಗ್ರಂಥಾಲಯವು ಅನುವಾದವನ್ನೂ ವ್ಯಾಖ್ಯಾನವನ್ನೂ ಇಟ್ಟುಕೊಂಡು, ಮೂಲವನ್ನು ಗುರುದ್ವಾರಕ್ಕೆ ಬಿಡುವುದೇ ಲೇಸು. ಆದುದರಿಂದ ಎಲ್ಲವನ್ನೂ ಒಂದೇ ಎತ್ತರಕ್ಕೆ ಏರಿಸಿದ ಮಾತ್ರಕ್ಕೆ ಎಲ್ಲರಿಗೂ ಸಮಾನ ಗೌರವ ಸಂದಿತೆಂದು ಹೇಳಲಾಗುವುದಿಲ್ಲ.

ಎರಡನೆಯ ಊಹೆಯು ಇನ್ನೂ ತೊಡಕಿನದು. ಬಸವಾದಿ ಶರಣರ ವಚನಗಳು ಧರ್ಮಗ್ರಂಥವೋ ಸಾಹಿತ್ಯವೋ? ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯದಲ್ಲಿ ಒಂದೇ ವಚನಸಂಪುಟವು ಹಿಂದೂಧರ್ಮದ 294.5ಕ್ಕೂ ಹೋಗಬಹುದು, ಕನ್ನಡ ಸಾಹಿತ್ಯದ 894.814ಕ್ಕೂ ಹೋಗಬಹುದು. ಮೊದಲನೆಯದಾದರೆ ಅದು ಮೇಲಿನ ಹಲಗೆಗೆ ಏರುತ್ತದೆ. ಎರಡನೆಯದಾದರೆ ಕಾದಂಬರಿಗಳ ಸಾಲಿನಲ್ಲಿ ನಿಲ್ಲುತ್ತದೆ. ಕುಮಾರವ್ಯಾಸನ ಭಾರತವನ್ನು ವ್ಯಾಸಪೀಠದ ಮೇಲಿಟ್ಟು ಪೂಜಿಸಿ ವಾಚಿಸುವ ಮನೆಗಳು ಮಲೆನಾಡಿನಲ್ಲಿ ಎಷ್ಟೋ ಇದ್ದುವು. ಪಂಪನ ಆದಿಪುರಾಣವು ಜೈನರಿಗೆ ಪ್ರಥಮ ತೀರ್ಥಂಕರರ ಚರಿತೆ. ಇವುಗಳನ್ನು ಪಠ್ಯಪುಸ್ತಕವೆಂದು ಕೆಳಗಿಡಬೇಕೋ ಪವಿತ್ರವೆಂದು ಮೇಲಿಡಬೇಕೋ? ವೀರಶೈವ ಪೀಠಗಳ ಪರಂಪರೆಯಲ್ಲಿ ಸಿದ್ಧಾಂತ ಶಿಖಾಮಣಿಗೆ ಪ್ರಾಧಾನ್ಯವುಂಟು. ವಚನಗಳೇ ಪ್ರಮಾಣವೆನ್ನುವ ಲಿಂಗಾಯತರೂ ಉಂಟು. ಮೇಲಿನ ಹಲಗೆಯಲ್ಲಿ ಸ್ಥಳವು ಪರಿಮಿತವಾಗಿರುವಾಗ, ಇಂತಹ ಸಂದರ್ಭದಲ್ಲಿ ಗ್ರಂಥಪಾಲಕನು ತನಗರಿವಿಲ್ಲದೆಯೇ ಮತಧರ್ಮದ ನ್ಯಾಯಾಧೀಶನಾಗಬೇಕಾಗುತ್ತದೆ. ಆ ಅಧಿಕಾರವನ್ನು ಅವನಿಗೆ ಯಾರೂ ಕೊಟ್ಟಿಲ್ಲ. ಅವನು ಅದನ್ನು ಬಯಸುವವನೂ ಅಲ್ಲ.

ಇಲ್ಲಿ ವರ್ಗೀಕರಣವನ್ನು ಕುರಿತು ಒಂದು ಮಾತನ್ನು ಹೇಳುವುದು ಅವಶ್ಯ. ಹಲಗೆಯ ಎತ್ತರಕ್ಕಿಂತ ಪುಸ್ತಕದ ಬೆನ್ನಿನ ಮೇಲಿನ ಅಂಕಿಯು ಹೆಚ್ಚು ಕಾಲ ಬಾಳುವ ತೀರ್ಪು. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ಪದ್ಧತಿಯು ಬೆಳೆದ ರೂಪದಲ್ಲಿ, ಧರ್ಮಕ್ಕೆ ಮೀಸಲಾದ 200ರ ವರ್ಗದಲ್ಲಿ 220ರಿಂದ 280ರವರೆಗಿನ ವಿಭಾಗಗಳು ಬೈಬಲಿಗೂ ಕ್ರೈಸ್ತಮತಕ್ಕೂ ಸಂದುವು. ಉಳಿದ ಜಗತ್ತಿನ ಮತಗಳೆಲ್ಲ 290 ಎಂಬ ಒಂದೇ ಕೋಣೆಯಲ್ಲಿ ಒತ್ತಾಗಿ ಕುಳಿತುವು. ಬೌದ್ಧ, ಜೈನ, ಹಿಂದೂ, ಸಿಖ್ ಧರ್ಮಗಳು 294ರ ಒಳಗಿನ ದಶಮಾಂಶಗಳಾದುವು. ಇಸ್ಲಾಮ್ 297 ಆಯಿತು. ಮತಗಳನ್ನು ಕಾಲಕ್ರಮ ಮತ್ತು ಪ್ರದೇಶಗಳಿಗೆ ಅನುಸಾರವಾಗಿ ಜೋಡಿಸುವ ಐಚ್ಛಿಕ ವ್ಯವಸ್ಥೆಯೊಂದು 2012ರಲ್ಲಿ ಬಂದಿತಾದರೂ, ಹಳೆಯ ಅಂಕಿಗಳನ್ನು ಹೊತ್ತ ಪುಸ್ತಕಗಳನ್ನು ತಿದ್ದುವುದು ಸುಲಭವಲ್ಲ. ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವು ವೈದಿಕ ಧರ್ಮದಿಂದ ತೊಡಗಿ ಜೈನ, ಬೌದ್ಧ, ಯಹೂದಿ, ಕ್ರೈಸ್ತ, ಇಸ್ಲಾಮ್ ಧರ್ಮಗಳಿಗೆ ಒಂದೇ ಅಂತಸ್ತಿನ ಅಂಕಿಗಳನ್ನು ಕೊಟ್ಟಿತು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ತೀರಿಕೊಂಡ ಆ ಮಹನೀಯರು, ಪುಸ್ತಕವಿರುವುದು ಉಪಯೋಗಕ್ಕೆ ಎಂಬುದನ್ನು ತಮ್ಮ ಶಾಸ್ತ್ರದ ಮೊದಲ ಸೂತ್ರವನ್ನಾಗಿ ಮಾಡಿದರು. ಧರ್ಮಗ್ರಂಥಕ್ಕೆ ಈ ಸೂತ್ರದಿಂದ ವಿನಾಯಿತಿಯುಂಟೆ ಎಂಬುದೇ ನಮ್ಮ ಮುಂದಿರುವ ನಿಜವಾದ ಪ್ರಶ್ನೆ.

ಇದಕ್ಕೆ ಉತ್ತರವನ್ನು ಮೂಡಬಿದಿರೆಯ ಇತಿಹಾಸದಲ್ಲಿ ಹುಡುಕಬಹುದು. ದಿಗಂಬರ ಜೈನರ ಪರಮಾಗಮವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಕದಲ್ಲಿ ರಚಿಸಿದ ಧವಲಾ ಟೀಕೆ, ಅದರೊಡನೆ ಜಯಧವಲಾ, ಮಹಾಧವಲಾ ಎಂಬ ಗ್ರಂಥಗಳು ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದುವು. ಶತಮಾನಗಳ ಕಾಲ ಅವು ದರ್ಶನದ ವಸ್ತುಗಳಾಗಿದ್ದುವು. ದೂರದೂರದಿಂದ ಬಂದ ಯಾತ್ರಿಕರು ಓಲೆಕಟ್ಟುಗಳಿಗೆ ಕೈಮುಗಿದು ಹಿಂದಿರುಗುತ್ತಿದ್ದರು. ಒಳಗಿನ ಅರ್ಥವನ್ನು ಕೇಳುವವರೂ ಹೇಳುವವರೂ ಇಲ್ಲವಾದರು. ಹತ್ತೊಂಬತ್ತನೆಯ ಶತಕದ ಅಂತ್ಯದಲ್ಲಿ ಪ್ರತಿಮಾಡುವ ಕಾರ್ಯವು ಆರಂಭವಾಗಿ, ಅನೇಕ ಅಡ್ಡಿಗಳ ನಡುವೆ ಎರಡು ದಶಕಗಳಿಗೂ ಮಿಕ್ಕಿ ನಡೆಯಿತು. ಕೊನೆಗೆ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಧವಲಾ ಟೀಕೆಯು ಸಂಪುಟ ಸಂಪುಟವಾಗಿ ಮುದ್ರಣಗೊಂಡು, 16 ಸಂಪುಟಗಳಲ್ಲಿ ಲೋಕದ ಕೈಸೇರಿತು.

ಈ ವೃತ್ತಾಂತವನ್ನು ಪೂಜೆಯ ಮೇಲಣ ಆರೋಪಪತ್ರವಾಗಿ ಓದುವವರುಂಟು. ಅದು ಅರ್ಧಸತ್ಯ. ಆ ಭಕ್ತಿಯೂ ಆ ಬೀಗವೂ ಇಲ್ಲದಿದ್ದರೆ, ಬೇರೆಲ್ಲಿಯೂ ಉಳಿಯದ ಆ ಓಲೆಗಳು ಮೂಡಬಿದಿರೆಯಲ್ಲಿ ಮಾತ್ರ ಉಳಿಯಲು ಕಾರಣವೇ ಇರಲಿಲ್ಲ. ಆದರೆ ಓಲೆಗೆ ಅಳಿವುಂಟು. ದರ್ಶನವು ಅದರ ಆಯುಸ್ಸನ್ನು ಹೆಚ್ಚಿಸಬಹುದೇ ಹೊರತು ಅದನ್ನು ಅಮರಗೊಳಿಸಲಾರದು. ಪೂಜೆಯು ಗ್ರಂಥದ ಶರೀರವನ್ನು ಕಾಪಾಡಿತು. ಪ್ರತಿಲೇಖನ ಮುದ್ರಣಗಳು ಅದರ ಜೀವವನ್ನು ಕಾಪಾಡಿದುವು. ಜೈನ ಸಂಪ್ರದಾಯದಲ್ಲಿಯೇ ಇದಕ್ಕೆ ಸಮರ್ಥನೆಯಿದೆ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯು ಷಟ್ಖಂಡಾಗಮವು ಬರವಣಿಗೆಯಲ್ಲಿ ಪೂರ್ಣಗೊಂಡುದರ ಸ್ಮರಣೆ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳೊರಸಿ, ಹೊಸ ಬಟ್ಟೆಯಲ್ಲಿ ಕಟ್ಟುತ್ತಾರೆ. ಜ್ಞಾನವು ಕಂಠದಿಂದ ಓಲೆಗೆ ಇಳಿದ ದಿನವನ್ನು ಹಬ್ಬವಾಗಿ ಆಚರಿಸುವ ಸಂಪ್ರದಾಯವು ಓಲೆಯಿಂದ ಕಾಗದಕ್ಕೆ ಇಳಿಯುವುದನ್ನು ತತ್ತ್ವತಃ ವಿರೋಧಿಸಲಾರದು.

ವಚನಗಳ ಚರಿತ್ರೆಯೂ ಇದಕ್ಕೆ ಸಂವಾದಿಯಾಗಿದೆ. ಫ. ಗು. ಹಳಕಟ್ಟಿಯವರು ಮಠಗಳಿಗೂ ಮನೆಗಳಿಗೂ ಅಲೆದು ಓಲೆಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ದೇವರ ಕೋಣೆಯ ಜಗುಲಿಯಿಂದ ಕೆಳಗಿಳಿದು ಬಂದುದರಿಂದಲೇ ವಚನವು ಇಂದು ಕನ್ನಡಿಗರೆಲ್ಲರ ಮಾತಾಗಿದೆ. ಒಂದು ಕಾಲಕ್ಕೆ ಸ್ತ್ರೀಶೂದ್ರರಿಗೆ ಕೇಳಲೂ ಅಧಿಕಾರವಿಲ್ಲವೆನಿಸಿದ್ದ ಋಗ್ವೇದವು ಶ್ರೀ ಜಯಚಾಮರಾಜೇಂದ್ರ ವೇದರತ್ನಮಾಲೆಯ ಮೂಲಕ ಕನ್ನಡ ಲಿಪಿಯಲ್ಲಿ, ಕನ್ನಡ ಅರ್ಥವಿವರಣೆಯೊಡನೆ ಅಚ್ಚಾಯಿತು. ಯಾರು ಯಾವ ಗ್ರಂಥವನ್ನು ತೆರೆಯಬಹುದು ಎಂಬ ಪ್ರಶ್ನೆಗೆ ಕರ್ನಾಟಕವು ಇಪ್ಪತ್ತನೆಯ ಶತಕದಲ್ಲಿ ಕೊಟ್ಟ ಉತ್ತರವಿದು. ಗೌರವದ ಹೆಸರಿನಲ್ಲಿ ಇಂತಹ ಸಂಪುಟಗಳನ್ನು ಮತ್ತೆ ಕೈಗೆಟುಕದ ಎತ್ತರಕ್ಕೆ ಏರಿಸಿದರೆ ಆ ಉತ್ತರವನ್ನು ನಾವೇ ಅಳಿಸಿದಂತಾಗುತ್ತದೆ. ಹಳೆಯ ನಿಷೇಧವು ಜಾತಿಯನ್ನು ನೋಡಿ ತಡೆಯುತ್ತಿತ್ತು. ಹೊಸ ಎತ್ತರವು ಕುಳ್ಳರನ್ನೂ ಮಕ್ಕಳನ್ನೂ ಮುದುಕರನ್ನೂ ಕೇಳಲು ಸಂಕೋಚಪಡುವವರನ್ನೂ ತಡೆಯುತ್ತದೆ. ಅದರ ಉದ್ದೇಶವು ಒಳ್ಳೆಯದಿರಬಹುದು. ಆದರೆ ಪರಿಣಾಮವನ್ನು ಅಳೆಯುವುದು ಉದ್ದೇಶದಿಂದಲ್ಲ.

ಇದಕ್ಕೆ ಪ್ರತಿಯಾಗಿ, ಮುಚ್ಚಿಡುವುದೂ ನಮ್ಮ ಸಂಪ್ರದಾಯವೇ ಅಲ್ಲವೆ ಎಂದು ಕೇಳಬಹುದು. ನವರಾತ್ರಿಯಲ್ಲಿ ಮೂಲಾ ನಕ್ಷತ್ರದಂದು ಪುಸ್ತಕಗಳನ್ನು ಪೀಠದಲ್ಲಿಟ್ಟು ಸರಸ್ವತಿಯನ್ನು ಆವಾಹಿಸುತ್ತೇವೆ. ಶ್ರವಣದಂದು ವಿಸರ್ಜಿಸುವವರೆಗೆ ಅವನ್ನು ಓದುವುದಿಲ್ಲ. ಇದು ನಿಜ. ಆದರೆ ಈ ಆಚಾರದ ಅರ್ಥವಿರುವುದು ಅದರ ಮುಕ್ತಾಯದಲ್ಲಿ. ವಿಸರ್ಜನೆಯಾದ ಮೇಲೆ ಪುಸ್ತಕವನ್ನು ತೆಗೆದು ನಾಲ್ಕು ಸಾಲನ್ನಾದರೂ ಓದಲೇಬೇಕು; ವಿಜಯದಶಮಿಯು ವಿದ್ಯಾರಂಭದ ದಿನ. ವರ್ಷಕ್ಕೆ ಕೆಲವು ದಿನಗಳ ಮೌನವನ್ನು ವಿಧಿಸಿ ಅದನ್ನು ಓದಿನಿಂದಲೇ ಮುರಿಯುವ ಈ ಆಚಾರವು, ವರ್ಷವಿಡೀ ಮುಚ್ಚಿಡುವುದಕ್ಕೆ ಪ್ರಮಾಣವಾಗುವುದಿಲ್ಲ. ಶಾರದೆಯ ಪ್ರತಿಮಾಲಕ್ಷಣದಲ್ಲಿಯೂ ಪುಸ್ತಕವು ಇರುವುದು ಅವಳ ಕೈಯಲ್ಲಿಯೇ.

ಗೌರವಕ್ಕೂ ಸಂರಕ್ಷಣೆಗೂ ಇರುವ ನಂಟನ್ನು ನಮ್ಮ ಲಿಪಿಕಾರರು ಚೆನ್ನಾಗಿ ಬಲ್ಲವರಾಗಿದ್ದರು. ಪ್ರತಿಯ ಕೊನೆಯಲ್ಲಿ ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ತನ್ನನ್ನು ರಕ್ಷಿಸಬೇಕೆಂದು ಗ್ರಂಥವೇ ಬೇಡುವಂತೆ ಬರೆಯುವುದು ಅವರ ವಾಡಿಕೆ. ಮೂರ್ಖರ ಕೈಗೆ ಕೊಡಬಾರದೆಂದೂ ಸೇರಿಸುತ್ತಿದ್ದರು. ಯಾರ ಕೈಗೂ ಕೊಡಬಾರದೆಂದು ಅವರು ಬಯಸಲಿಲ್ಲ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಓಲೆಗಳಿಗೆ ತೈಲ ಸವರಿ ಕಾಪಾಡಿದುದೂ, ಅಲ್ಲಿ ಆರ್. ಶಾಮಾಶಾಸ್ತ್ರಿಗಳು ಅರ್ಥಶಾಸ್ತ್ರದ ಓಲೆಯನ್ನು ಓದಿ 1909ರಲ್ಲಿ ಪ್ರಕಟಿಸಿದುದೂ ಒಂದೇ ಗೌರವದ ಎರಡು ಮುಖಗಳು. ಶೃಂಗೇರಿ ಮಠವು ಧರ್ಮಗ್ರಂಥಗಳೊಡನೆ ತನ್ನ ಕಡತಗಳನ್ನೂ ಓಲೆ ಕಾಗದಗಳನ್ನೂ ಕಾಪಾಡಿತು. 1791ರಲ್ಲಿ ಮರಾಠಾ ಸೈನ್ಯದ ದಾಳಿಯಿಂದ ಮಠಕ್ಕೊದಗಿದ ಹಾನಿಯ ಬಗ್ಗೆ ಟಿಪ್ಪು ಸುಲ್ತಾನನು ಜಗದ್ಗುರುಗಳಿಗೆ ಬರೆದ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದುದು ಆ ಕಾಪಿನಿಂದಲೇ.

ಹಳೆಯದಾಗಿ ಹರಿದ ಪವಿತ್ರಗ್ರಂಥವನ್ನು ಏನು ಮಾಡಬೇಕೆಂಬುದೂ ಇದೇ ವಿಷಯಕ್ಕೆ ಸೇರಿದೆ. ಹರಿಯುವ ಹೊಳೆಗೆ ಬಿಡುವುದು ನಮ್ಮಲ್ಲಿ ಗೌರವದ ಕ್ರಮವಾಗಿತ್ತು. ತಮಿಳು ವಿದ್ವಾಂಸರಾದ ಉ. ವೇ. ಸ್ವಾಮಿನಾಥ ಅಯ್ಯರ್ ಅವರು ಹೀಗೆ ನದಿಯ ಪಾಲಾದ ಓಲೆಗಳಿಗಾಗಿ ಮರುಗಿದ್ದಾರೆ. ಯಹೂದಿಗಳಲ್ಲಿ ದೇವರ ಹೆಸರಿರುವ ಬರಹವನ್ನು ನಾಶಪಡಿಸದೆ ಒಂದು ಕೋಣೆಯಲ್ಲಿ ಕೂಡಿಡುವ ಪದ್ಧತಿಯಿತ್ತು. ಕೈರೋ ನಗರದ ಇಂತಹ ಕೋಣೆಯಿಂದ ಸಾಲೊಮನ್ ಶೆಖ್ಟರ್ 1897ರಲ್ಲಿ ಕೇಂಬ್ರಿಜ್‌ಗೆ ಸಾಗಿಸಿದ ಲಕ್ಷಕ್ಕೂ ಮಿಕ್ಕಿದ ತುಣುಕುಗಳ ರಾಶಿಯಿಂದ ಮಂಗಳೂರಿನ ಇತಿಹಾಸಕ್ಕೂ ಬೆಳಕು ಬಂದಿದೆ. ಹನ್ನೆರಡನೆಯ ಶತಕದಲ್ಲಿ ಮಂಗಳೂರಿನಲ್ಲಿ ನೆಲಸಿದ್ದ ಅಬ್ರಹಾಮ್ ಬೆನ್ ಯಿಜು ಎಂಬ ವರ್ತಕನ ಪತ್ರಗಳೂ, ಅವನ ಸೇವಕನಾಗಿದ್ದ ಬೊಮ್ಮನ ಹೆಸರೂ ನಮಗೆ ತಿಳಿದುದು ಆ ಸಂಗ್ರಹದಿಂದ. ಎರಡು ಸಂಪ್ರದಾಯಗಳಲ್ಲಿಯೂ ಭಕ್ತಿ ಸಮಾನವೇ. ಒಂದರ ಭಕ್ತಿಯು ಸಾಕ್ಷ್ಯವನ್ನು ಉಳಿಸಿತು. ಇನ್ನೊಂದರದು ಹೊಳೆಯಲ್ಲಿ ಹರಿಯಬಿಟ್ಟಿತು. ಗ್ರಂಥಾಲಯವು ಯಾವುದನ್ನು ಆರಿಸಿಕೊಳ್ಳಬೇಕೆಂಬುದರಲ್ಲಿ ಸಂದೇಹವಿಲ್ಲ.

ಇಷ್ಟರಿಂದ ಹೊರಡುವ ಸಿದ್ಧಾಂತಗಳನ್ನು ಸಂಗ್ರಹವಾಗಿ ಹೇಳಬಹುದು. ಧರ್ಮಗ್ರಂಥಗಳು ನೆಲಕ್ಕೆ ಸಮೀಪದ ಹಲಗೆಯಲ್ಲಿರಬಾರದು. ಇದು ಭಾವನೆಯ ದೃಷ್ಟಿಯಿಂದಷ್ಟೇ ಅಲ್ಲ, ಮಲೆನಾಡಿನ ಮಳೆಗಾಲದಲ್ಲಿ ಶೀತವೂ ಗೆದ್ದಲೂ ಮೊದಲು ಮುಟ್ಟುವುದು ಆ ಹಲಗೆಯನ್ನೇ. ಅತ್ಯಂತ ಮೇಲಿನ ಹಲಗೆಯಲ್ಲಿಯೂ ಇರಬಾರದು. ಅಲ್ಲಿ ಹೆಂಚಿನ ಸೋರಿಕೆಯ ಭಯವಿದೆ, ಕೈಗೆ ಎಟುಕದೆಂಬ ದೋಷವಿದೆ. ಎದೆಯ ಮಟ್ಟದಿಂದ ಕಣ್ಣಿನ ಮಟ್ಟದವರೆಗಿನ ಹಲಗೆಗಳೇ ಗೌರವಕ್ಕೂ ಉಪಯೋಗಕ್ಕೂ ಸಲ್ಲುವ ಸ್ಥಾನ. ಧರ್ಮದ ವರ್ಗವನ್ನೇ ಇಡಿಯಾಗಿ ಆ ಮಟ್ಟದ ಹಲಗೆಗಳಲ್ಲಿ ಹಬ್ಬಿಸಿದರೆ ಯಾವುದು ಪವಿತ್ರ, ಯಾವುದು ಅಲ್ಲ ಎಂದು ಆರಿಸುವ ಹೊಣೆಯು ತಪ್ಪುತ್ತದೆ. ಎಲ್ಲ ಮತಗಳ ಗ್ರಂಥಗಳೂ ವರ್ಗಾಂಕದ ಕ್ರಮದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ವಚನಗಳಂತಹ ಉಭಯಸ್ವರೂಪದ ಗ್ರಂಥಗಳಿಗೆ ಎರಡು ಕಡೆಯೂ ಸೂಚಿಪತ್ರವಿರಬೇಕು.

ಓದುವ ಮೇಜಿನ ಮೇಲೆ ಒಂದೆರಡು ವ್ಯಾಸಪೀಠಗಳನ್ನು ಇಡುವುದು ಸುಲಭವೂ ಅರ್ಥಪೂರ್ಣವೂ ಆದ ಏರ್ಪಾಡು. ನಾವು ವ್ಯಾಸಪೀಠವೆನ್ನುವ, ಮುಸ್ಲಿಮರು ರೆಹಾಲ್ ಎನ್ನುವ ಆ ಮಡಿಸುವ ಮರದ ಪೀಠದ ಆಕಾರ ಒಂದೇ, ಪ್ರಯೋಜನವೂ ಒಂದೇ. ಗ್ರಂಥವನ್ನು ನೆಲದಿಂದ ಎತ್ತಿಹಿಡಿದೂ ತೆರೆದೇ ಇಡುವ ಸಾಧನವದು. ನಮ್ಮ ಚರ್ಚೆಗೆ ಬೇಕಾದ ತತ್ತ್ವವನ್ನು ಹಿಂದಿನ ಬಡಗಿಗಳು ಎರಡು ಹಲಗೆಗಳಲ್ಲಿ ಜೋಡಿಸಿಟ್ಟಿದ್ದಾರೆ. ಜೀರ್ಣವಾದ ಪ್ರತಿಗಳನ್ನು ರದ್ದಿಗೆ ಹಾಕದೆ ಆಯಾ ಸಮುದಾಯದ ಸಂಸ್ಥೆಗೆ ಒಪ್ಪಿಸಿ ದಾಖಲೆಯಲ್ಲಿ ಬರೆದಿಡಬೇಕು. ಹಸ್ತಪ್ರತಿಯಾದರೆ ಛಾಯಾಪ್ರತಿಯನ್ನು ತೆಗೆಯದೆ ಯಾರಿಗೂ ಒಪ್ಪಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಪುಸ್ತಕವನ್ನು ಕೇಳಿದವನ ಜಾತಿಮತಗಳನ್ನು ಮಾತಿನಿಂದಾಗಲಿ ನೋಟದಿಂದಾಗಲಿ ವಿಚಾರಿಸಬಾರದು.

1965ರ ಸಾರ್ವಜನಿಕ ಗ್ರಂಥಾಲಯ ಶಾಸನವು ನಮ್ಮ ರಾಜ್ಯದಲ್ಲಿ ಓದನ್ನು ಸರ್ಕಾರದ ಹೊಣೆಯನ್ನಾಗಿ ಮಾಡಿತು. ಈಚೆಗೆ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರನ್ನು ಪಡೆದಿವೆ. ಆ ಹೆಸರಿಗೆ ಒಪ್ಪುವ ಪರೀಕ್ಷೆಯೊಂದನ್ನು ಸೂಚಿಸಬಹುದು. ಜಯಪುರದಂತಹ ಊರಿನಲ್ಲಿ ಹಿಂದೂ ಹುಡುಗಿಯೊಬ್ಬಳು ಕುರ್‌ಆನಿನ ಕನ್ನಡ ಅನುವಾದವನ್ನೂ, ಮುಸ್ಲಿಮ್ ಹುಡುಗನೊಬ್ಬನು ವೇದರತ್ನಮಾಲೆಯ ಸಂಪುಟವನ್ನೂ ಯಾರ ಸಹಾಯವನ್ನೂ ಬೇಡದೆ ತೆಗೆದು, ಮೇಜಿನ ಮೇಲಿಟ್ಟು ಓದಿ, ಇದ್ದಲ್ಲಿಯೇ ಇಡುವಂತಾದರೆ ಆ ಗ್ರಂಥಾಲಯದಲ್ಲಿ ಧರ್ಮಗ್ರಂಥಗಳಿಗೆ ತಕ್ಕ ಗೌರವ ಸಂದಿದೆಯೆಂದು ನಾವು ನಿಶ್ಚಯಿಸಬಹುದು.